ಬೆನ್ನಿನ ಮೇಲೆ ಹೆಸರಿಲ್ಲದ ಪುಸ್ತಕ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಉಳಿಸಬೇಕು ಎಂದು ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಒಂದೆರಡು ಬರಹ ಬಂದವು. ಓದಿ ಖುಷಿಯಾಯಿತು. ಆದರೆ ಎರಡರಲ್ಲೂ ಮಾತೆಲ್ಲ ಮಷಿನ್ನಿನ ಸುತ್ತಲೇ ಇತ್ತು. ಎಷ್ಟು ಪುಟ ಆಯಿತು, ದಿನಕ್ಕೆ ಎಷ್ಟು ಆಗುತ್ತದೆ, ಇಂಥದ್ದೇ ಲೆಕ್ಕ. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿಸಿ. ಕತ್ತರಿಸುವ ಕೆಲಸದವನೇ ಆದ್ದರಿಂದ ಬೇಜಾರಿಲ್ಲ.

ನಾನು ಧಾರವಾಡದಲ್ಲಿ 37 ವರ್ಷಗಳಿಂದ ಪುಸ್ತಕ ಬೈಂಡಿಂಗ್ ಮಾಡುವವನು. ಈಗ ಹೆಚ್ಚಿಗೆ ಬರುವುದು ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು. ಕಪ್ಪು ರೆಕ್ಸಿನ್, ಬಂಗಾರದ ಅಕ್ಷರ, ನಾಳೆ ಬೆಳಿಗ್ಗೆಯೇ ಬೇಕು. ಮೊದಲು ಹಾಗಿರಲಿಲ್ಲ. ವಕೀಲರ ಮನೆಯ ಪುಸ್ತಕ, ಅಂಗಡಿಯವರು ದಿನದ ಲೆಕ್ಕ ಬರೆಯುವ ಕಿರ್ದಿ, ಮಠದ ಪುರಾಣ, ಮಾಸಪತ್ರಿಕೆಯ ವರ್ಷದ ಸಂಚಿಕೆ ಎಲ್ಲ ಬರುತ್ತಿದ್ದವು. ಮೈದಾ ಅಂಟಿಗೆ ಚೂರು ಮೈಲುತುತ್ತ ಹಾಕಿ ಕುದಿಸಿ, ಹುಳ ಬೀಳದ ಹಾಗೆ ರಟ್ಟು ಅಂಟಿಸುತ್ತಿದ್ದೆವು. ಆ ವಾಸನೆ ಇವತ್ತಿಗೂ ನನ್ನ ಅಂಗಡಿಯ ಗೋಡೆ ಬಿಟ್ಟಿಲ್ಲ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ.

ಕೆಲಸ ಶುರು ಮಾಡಿದ ಹೊಸದರಲ್ಲಿ ಹಳ್ಳಿಯಿಂದ ಒಬ್ಬ ಅಜ್ಜ ತಮ್ಮ ಮನೆಯ ಹಳೇ ಕಿರ್ದಿ ತಂದಿದ್ದರು. ಹೊಲಿಗೆ ಬಿಟ್ಟಿತ್ತು, ಅಂಚು ಹರಿದು ಜಾಲರಿಯಾಗಿತ್ತು. ಚಂದ ಮಾಡಿ ಕೊಡು ತಮ್ಮಾ ಅಂದರು. ಚಂದ ಮಾಡಿದೆ. ಹೊಸ ಹೊಲಿಗೆ, ಕ್ಯಾಲಿಕೊ ಬಟ್ಟೆಯ ಬೆನ್ನು. ಕೊನೆಗೆ ಕಟಿಂಗ್ ಮಷಿನ್ನಿಗೆ ಇಟ್ಟು ಮೂರೂ ಕಡೆ ಕಾಲು ಕಾಲು ಇಂಚು ಹೊಡೆದೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಗೀಚಿದ್ದು ಕಂಡಿತ್ತು. ನಮ್ಮ ಲಿಪಿಯಲ್ಲ, ಲೆಕ್ಕವೂ ಅಲ್ಲ. ಹೋದರೆ ಹೋಯಿತು ಅಂದುಕೊಂಡೆ. ಆ ಚೂರುಗಳು ಅವತ್ತು ಸಂಜೆ ಸ್ನಾನದ ನೀರೊಲೆಗೆ ಹೋದವು.

ಹತ್ತು ವರ್ಷದ ಮೇಲೆ ಅದೇ ಕಿರ್ದಿ ಮತ್ತೆ ನನ್ನ ಕೈಗೆ ಬಂತು. ಅಜ್ಜನ ಮೊಮ್ಮಗನ ಜೊತೆ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಓದುವ ಹಿರಿಯರೊಬ್ಬರು ಬಂದಿದ್ದರು. ಕನ್ನಡಕ ಮೇಲೆತ್ತಿ ಅಂಚಿನ ಹತ್ತಿರ ಕಣ್ಣು ತಂದು ಓದಿದರು. ಪ್ಲೇಗಿನ ವರ್ಷಗಳಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು, ಯಾವ ಮನೆಯಲ್ಲಿ ಎಷ್ಟು ಜನ ಹೋದರು ಅನ್ನುವುದು, ಎಲ್ಲ ಅಲ್ಲಿ ಬರೆದಿತ್ತು. ಪ್ರತಿ ಸಾಲೂ ಅರ್ಧ. "ಯಾರ ಕೊಯ್ದಾರ್ರೀ ಇದನ್ನ?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಹುಡುಗನಿಗೆ ಚಹಾ ತರಲು ಹೇಳಿದೆ.

ಅಂದಿನಿಂದ ಹಳೆಯ ಪುಸ್ತಕಕ್ಕೆ ನಾನು ಮಷಿನ್ ಹಾಕಿಲ್ಲ. ಆದರೆ ಆ ಕಿರ್ದಿಯಿಂದ ಕಲಿತದ್ದು ಅದಷ್ಟೇ ಅಲ್ಲ. ಅದನ್ನು ಓದಬಲ್ಲವರು ಹತ್ತಿರದಲ್ಲೇ ಇದ್ದರು. ಕಿರ್ದಿಯೂ ಇತ್ತು. ಇಬ್ಬರೂ ಹತ್ತು ವರ್ಷ ಒಬ್ಬರಿಗೊಬ್ಬರು ಸಿಗಲಿಲ್ಲ, ಅಷ್ಟೇ.

ನಮ್ಮ ಕಡೆ ಇದು ಎಷ್ಟು ದೊಡ್ಡ ಮಾತು ನೋಡಿ. ನಾಡು ಒಂದಾದದ್ದು 1956ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲಿನ ಕಾಗದ ಎಲ್ಲಿದೆ? ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬೈ ಸರ್ಕಾರದಲ್ಲಿದ್ದವು. ಆ ಕಾಲದ ಎಷ್ಟೋ ಕಡತ ಇವತ್ತಿಗೂ ಮುಂಬೈಯಲ್ಲಿ. ಪೇಶ್ವೆಯವರ ಕಾಲದ್ದು ಬೇಕಾದರೆ ಪುಣೆಯ ಪೇಶ್ವೆ ದಫ್ತರಕ್ಕೆ ಹೋಗಬೇಕು, ಮೋಡಿ ಬರಬೇಕು. ಮಂಗಳೂರಿನವರು ಚೆನ್ನೈಗೆ. 1953ರವರೆಗಿನ ಬಳ್ಳಾರಿಯದೂ ಅಲ್ಲೇ. ಕಲಬುರಗಿ, ರಾಯಚೂರು, ಬೀದರಿನವರು ಹೈದರಾಬಾದಿಗೆ, ಅದೂ ಉರ್ದು, ಪಾರಸಿ ಬಲ್ಲವರನ್ನು ಕರೆದುಕೊಂಡು. ಕೊಡಗಿನದು ಬೇರೆ ಕತೆ. ಮೈಸೂರಿನವರದು ಬೆಂಗಳೂರಿನಲ್ಲಿ, ಅವರು ಪುಣ್ಯವಂತರು. ಕ್ರೈಸ್ತ ಧರ್ಮ ಸಾರಲು ಬಂದ ಬಾಸೆಲ್ ಮಿಷನ್‌ನವರು ನಮ್ಮೂರಲ್ಲಿ, ಮಂಗಳೂರಲ್ಲಿ ತೆಗೆದ ಫೋಟೊಗಳಂತೂ ಸ್ವಿಟ್ಜರ್ಲೆಂಡಿನಲ್ಲಿ. ಪುಣ್ಯಕ್ಕೆ ಅವರು ಅವನ್ನು ಇಂಟರ್ನೆಟ್‌ಗೆ ಹಾಕಿದ್ದಾರೆ. ಮನೆಯಲ್ಲೇ ಕೂತು ನೋಡಬಹುದು. ಧಾರವಾಡದ ಕಾಗದವನ್ನು ಮಾತ್ರ ಧಾರವಾಡದಲ್ಲಿ ಕೂತು ನೋಡುವುದು ಇವತ್ತಿಗೂ ಕಷ್ಟ, ಏನು ಹೇಳೋಣ!

ಸರ್ಕಾರಿ ಕಡತದ ಪಾಡೇ ಹೀಗಿರುವಾಗ ಮನೆ ಮನೆಯ ಟ್ರಂಕಿನಲ್ಲಿ ಇರುವುದನ್ನು ಕೇಳುವವರು ಯಾರು? ರದ್ದಿಯವನು ಕೇಳುತ್ತಾನೆ. ಕಿಲೋ ಲೆಕ್ಕದಲ್ಲಿ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಓಣಿಯ ಕಾಲೇಜು ಹುಡುಗ ಒಬ್ಬ ಉತ್ಸಾಹದಿಂದ ಹಳೇ ಕಾಗದದ ಫೋಟೊ ತೆಗೆಯಲು ಶುರು ಮಾಡಿದ. ಮೊಬೈಲ್ ಹಿಡಿದು ಮನೆ ಮನೆ ತಿರುಗಿದ. ಆರು ತಿಂಗಳಲ್ಲಿ ನಾಲ್ಕು ಸಾವಿರ ಫೋಟೊ. ನನಗೆ ತೋರಿಸಲು ಲ್ಯಾಪ್‌ಟಾಪ್ ತಂದ. ಒಂದು ಹರಿದ ಜಾಹೀರಾತು ನೋಡಿ, "ಇದು ಯಾರ ಮನೀದೋ?" ಅಂದೆ. ತಲೆ ಕೆರೆದುಕೊಂಡ. ಫೈಲಿನ ಹೆಸರು ಐಎಂಜಿ 2037. ಅದರ ಮುಂದಿನದು ಐಎಂಜಿ 2038. ನಾಲ್ಕು ಸಾವಿರವೂ ಹಾಗೆಯೇ. ಯಾವ ಮನೆ, ಯಾವ ಊರು, ಕೊಟ್ಟವರು ಯಾರು, ಒಂದೂ ಬರೆದಿಲ್ಲ. ಟ್ರಂಕಿನಲ್ಲಿದ್ದ ಗಂಟು ಲ್ಯಾಪ್‌ಟಾಪಿಗೆ ಬಂತು, ಗಂಟು ಗಂಟಾಗಿಯೇ ಉಳಿಯಿತು.

ನಮ್ಮ ಕಸುಬಿನಲ್ಲಿ ಒಂದು ಪಾಠ ಇದೆ. ಪುಸ್ತಕಕ್ಕೆ ಎಷ್ಟೇ ಗಟ್ಟಿ ರಟ್ಟು ಹಾಕಿ, ಬೆನ್ನಿನ ಮೇಲೆ ಹೆಸರು ಬರೆಯದಿದ್ದರೆ ಅದು ಕಪಾಟಿನಲ್ಲಿ ಇದ್ದೂ ಇಲ್ಲ. ಗ್ರಂಥಾಲಯದಲ್ಲಿ ನಾವು ನೋಡುವುದು ಪುಸ್ತಕದ ಮುಖವನ್ನಲ್ಲ, ಬೆನ್ನನ್ನು. ಆ ಹುಡುಗನಿಗೆ ಅದನ್ನೇ ಹೇಳಿದೆ. ತಮ್ಮಾ, ನೀನು ನಾಲ್ಕು ಸಾವಿರ ಪುಸ್ತಕ ಕಟ್ಟಿದಿ, ಒಂದಕ್ಕೂ ಬೆನ್ನಿನ ಮೇಲೆ ಹೆಸರಿಲ್ಲ. ಪಾಪ, ಅವನ ಮುಖ ಸಣ್ಣದಾಯಿತು. ಆದರೆ ಬಿಟ್ಟು ಹೋಗಲಿಲ್ಲ.

ನಾವು ಮೂವರು ಕೂತೆವು. ಆ ಹುಡುಗ, ನಿವೃತ್ತ ಗಣಿತದ ಮಾಸ್ತರು, ನಾನು. ರಟ್ಟಿನ ಚೂರಿನಷ್ಟು ದೊಡ್ಡ ಚೀಟಿ ಮಾಡಿದೆವು. ಇದು ಏನು, ಯಾರ ಮನೆಯದು, ಯಾವ ಊರು, ಯಾವ ವರ್ಷ, ಇದನ್ನು ಹೇಳಿದವರು ಯಾರು. ಐದೇ ಸಾಲು. ಕೊನೆಯ ಸಾಲು ಮಾಸ್ತರರ ಹಟದಿಂದ ಬಂದದ್ದು. ವರ್ಷ 1930 ಎಂದು ಬರೆದರೆ ಸಾಲದು, ಕಾಗದದ ಮೇಲೆ ಮುದ್ರಣವಾಗಿದೆಯೋ, ಮನೆಯ ಅಜ್ಜಿ ನೆನಪಿನಿಂದ ಹೇಳಿದ್ದೋ, ನಾವೇ ಊಹಿಸಿದ್ದೋ ಅದನ್ನೂ ಬರೆಯಬೇಕು ಅಂದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು. ಇದು ಸುಲಭ ಅನ್ನಿಸುತ್ತದೆ, ಅಲ್ವಾ? ಗೊತ್ತಿಲ್ಲ ಎಂದು ಬರೆಯಲು ಜನರಿಗೆ ಎಷ್ಟು ಸಂಕೋಚ ಎಂಬುದು ಚೀಟಿ ತುಂಬಿಸಲು ಕೂತಾಗಲೇ ನನಗೆ ತಿಳಿದದ್ದು.

ಆ ಐಎಂಜಿ 2037ರ ಕತೆ ಹೇಳುತ್ತೇನೆ. ಅದೊಂದು ನಾಟಕ ಕಂಪನಿಯ ಹ್ಯಾಂಡ್‌ಬಿಲ್. ಹಳದಿ ಕಾಗದ, ಅಂಗೈಗಿಂತ ಸ್ವಲ್ಪ ದೊಡ್ಡದು. ಶನಿವಾರ, ತಾ. 14 ಫೆಬ್ರುವರಿ, ರಾತ್ರಿ 9-30ಕ್ಕೆ, ಸ್ತ್ರೀಯರಿಗೆ ಬೇರೆ ಆಸನ. ಎಲ್ಲ ಇದೆ, ವರ್ಷ ಇಲ್ಲ. ಇರುವುದೇ ಇಲ್ಲ. ನಾಳೆಯ ಆಟಕ್ಕೆ ಹಂಚುವ ಕಾಗದಕ್ಕೆ ವರ್ಷ ಯಾರು ಹಾಕುತ್ತಾರೆ! ಮಾಸ್ತರರು ಲೆಕ್ಕ ಹಾಕಿದರು. 1930ರಿಂದ 1955ರ ನಡುವೆ ಫೆಬ್ರುವರಿ 14 ಶನಿವಾರ ಬಿದ್ದದ್ದು 1931, 1942, 1948, 1953ರಲ್ಲಿ. 1948ರಲ್ಲಿ ಗಾಂಧೀಜಿ ಹೋಗಿ ಹದಿನೈದು ದಿನ, ಆಗ ನಾಟಕ ಆಡಿರಲಿಕ್ಕಿಲ್ಲ ಅಂದರು. ಉಳಿದ ಮೂರರಲ್ಲಿ ಯಾವುದು?

ಉತ್ತರ ಇನ್ನೊಂದು ಮನೆಯಲ್ಲಿತ್ತು. ಎರಡು ಓಣಿ ಆಚೆ, ಆ ಕಂಪನಿಯ ಲೆಕ್ಕ ಬರೆಯುತ್ತಿದ್ದವರ ಮನೆ. 1941ರ ದೀಪಾವಳಿ ಪಾಡ್ಯದಿಂದ ಬರೆದ ಕಿರ್ದಿ. ನಾನೇ ಅದರ ಹೊಲಿಗೆ ಬಿಚ್ಚಿ ಒಂದೊಂದೇ ಹಾಳೆ ಬಿಡಿಸುತ್ತಿದ್ದೆ. ಫೆಬ್ರುವರಿ ಎರಡನೇ ವಾರದಲ್ಲಿ ಒಂದು ಸಾಲು: ಹ್ಯಾಂಡ್‌ಬಿಲ್ ಒಂದು ಸಾವಿರ, ಕಾಗದ ತುಟ್ಟಿ, ಅರ್ಧ ಸೈಜ್. ಅದರ ಕೆಳಗೆ ಸೀಮೆಎಣ್ಣೆ ಸಿಗಲಿಲ್ಲ ಎಂದು ಇನ್ನೊಂದು ಸಾಲು. ಯುದ್ಧದ ಕಾಲ. ನಾನು ಹುಡುಗನಿಗೆ ಫೋನ್ ಮಾಡಿ ಆ ಹ್ಯಾಂಡ್‌ಬಿಲ್ಲನ್ನೇ ತರಿಸಿದೆ. ಅದೇ ಕಂಪನಿಯ ಬೇರೆ ಹ್ಯಾಂಡ್‌ಬಿಲ್ ಪಕ್ಕ ಇಟ್ಟೆ. ಸರಿಯಾಗಿ ಅರ್ಧ. 80 ವರ್ಷ ಎರಡು ಓಣಿಯ ಅಂತರದಲ್ಲಿ ಬಿದ್ದಿದ್ದವು ಎರಡೂ. ಒಂದರ ವರ್ಷ ಇನ್ನೊಂದರ ಹೊಟ್ಟೆಯಲ್ಲಿತ್ತು.

ಇದನ್ನು ಯಾವ ಮಷಿನ್ನೂ ಮಾಡಿ ಕೊಡುವುದಿಲ್ಲ. ಎರಡೂ ಮನೆಯ ಚೀಟಿಯಲ್ಲಿ ಕಂಪನಿಯ ಹೆಸರು ಒಂದೇ ತರಹ ಬರೆದಿದ್ದಕ್ಕೆ ನಮಗೆ ಅವು ಸೇರಿದವು. ಒಂದೇ ತರಹ ಬರೆಯುವುದು ಇದೆಯಲ್ಲ, ಜಗಳವೆಲ್ಲ ಅಲ್ಲೇ. ಒಂದೇ ಊರು ನೋಡಿ: ಹಳೇ ಕಾಗದದಲ್ಲಿ ವಿಜಾಪುರ, ಆಮೇಲೆ ಬಿಜಾಪುರ, 2014ರಿಂದ ವಿಜಯಪುರ. ಒಂದನ್ನು ಹಾಕಿ ಹುಡುಕಿದರೆ ಇನ್ನೊಂದು ಬರುವುದಿಲ್ಲ. ಗುಲ್ಬರ್ಗಾ, ಕಲಬುರಗಿ ಕೂಡ ಹಾಗೆಯೇ. ವರ್ಷವೋ, ಒಬ್ಬರು ಶಕೆ ಬರೆಯುತ್ತಾರೆ, ಒಬ್ಬರು ಸಂವತ್ಸರ, ಒಬ್ಬರು ಕಂದಾಯ ಲೆಕ್ಕದ ಫಸಲಿ ವರ್ಷ. ಅಂಗಡಿಯವರ ವರ್ಷ ಪಾಡ್ಯದಿಂದ ಪಾಡ್ಯಕ್ಕೆ. ಹಾಗಾಗಿ ನಾವು ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇವೆ, ಅದರ ಪಕ್ಕ ಇವತ್ತಿನ ಹೆಸರು, ಇಸವಿ. ಎರಡೂ ಬೇಕು.

ಇಂಥ ಕೆಲಸ ನಮ್ಮಲ್ಲಿ ಹೊಸದೇನಲ್ಲ. ಧಾರವಾಡದಲ್ಲೇ ಹುಟ್ಟಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ಮನೆ ಮನೆ ತಿರುಗಿ ಶರಣರ ವಚನಗಳ ತಾಡೋಲೆ ಕೂಡಿಸಿದರು. ದೇವರ ಜಗಲಿಯ ಮೇಲಿದ್ದ ಕಟ್ಟನ್ನು ಕೇಳಿ ಇಸಿದುಕೊಳ್ಳುವುದು ಸುಮ್ನೆ ಮಾತಲ್ಲ. ಅಚ್ಚು ಹಾಕಿಸಲು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಕಟ್ಟಿದರು. ಇವತ್ತು ವಚನ ಸಂಚಯ ಎಂಬ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಯಾವ ಯಾವ ಶರಣರು ಅದನ್ನು ಬಳಸಿದ್ದಾರೆ ಎಂದು ಬಂದುಬಿಡುತ್ತದೆ. ಅದನ್ನೂ ಆಸಕ್ತರೇ ಕೂಡಿ ಮಾಡಿದ್ದು. ನಾನು ಒಮ್ಮೆ "ದಾರ" ಎಂದು ಹುಡುಕಿದೆ, ಕಸುಬಿನ ಚಟ.

ಬೆಂಗಳೂರಿನ ಶಾಸನದ ಕೆಲಸವೂ ಅಂಥದ್ದೇ. ಬಿ.ಎಲ್. ರೈಸ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಚ್ಚು ಮಾಡಿಸಿದ ಶಾಸನಗಳ ಸಂಪುಟ ಹಿಡಿದು, ಆ ಕಲ್ಲು ಈಗ ಎಲ್ಲಿದೆ ಎಂದು ಆಸಕ್ತರು ಊರೂರು ಹುಡುಕಿದರು. ಎಷ್ಟೋ ಕಲ್ಲು ಕಾಣೆ. ಕೆಲವು ಚರಂಡಿಗೆ ಚಪ್ಪಡಿಯಾಗಿದ್ದವು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಹೆಸರಿರುವ ಶಾಸನದ ಕಲ್ಲು ಸಿಕ್ಕಿತು. ಜನರೇ ದುಡ್ಡು ಕೂಡಿಸಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಈಗ ಬೆಂಗಳೂರಿನ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿಯವರು ಇಂಥ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದ ಅಕ್ಷರವೂ ಅದರಲ್ಲಿ ಕಾಣುತ್ತದಂತೆ. ಹಳೆಯ ಪುಸ್ತಕಗಳನ್ನಿಡುವ ಜಾಲತಾಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಸರ್ವೆಂಟ್ಸ್ ಆಫ್ ನಾಲೆಜ್ ಎಂಬ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳು ರಾಶಿ ರಾಶಿ ಇವೆ. ಬೇರೆ ಬೇರೆ ದಾಖಲೆ ಸಂಗ್ರಹಗಳನ್ನು ಒಂದಕ್ಕೊಂದು ಹೆಣೆಯಬೇಕು ಎಂದು ಮಿಲ್ಲಿ ಎಂಬ ಗುಂಪು ಕೆಲಸ ಮಾಡುತ್ತಿದೆ ಎಂದು ಆ ಹುಡುಗ ತೋರಿಸಿದ. ನೋಡಿದೆ. ಬಹಳಷ್ಟು ಇಂಗ್ಲಿಷಿನಲ್ಲಿದೆ, ನನಗೆ ಪೂರ್ತಿ ದಕ್ಕಲಿಲ್ಲ. ಆದರೆ ದಾರಿ ಅದೇ. ಕಾಗದ ಇದ್ದಲ್ಲೇ ಇರಲಿ, ಪಟ್ಟಿಗಳು ಕೂಡಲಿ.

ಕಾಗದ ಇದ್ದಲ್ಲೇ ಇರಲಿ ಎನ್ನುವುದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕೊಟ್ಟು ಕೈ ಸುಟ್ಟುಕೊಂಡವರು ನಮ್ಮಲ್ಲಿ ಬಹಳ. ನನಗೆ ಗೊತ್ತಿರುವ ಒಂದು ಮನೆಯವರು ಮೂರು ಚೀಲ ಹಳೇ ಪತ್ರಿಕೆಗಳನ್ನು ಒಂದು ಸಂಸ್ಥೆಗೆ ದಾನ ಕೊಟ್ಟರು. ಹಾರ ಹಾಕಿ ಫೋಟೊ ತೆಗೆದರು. 2019ರ ಆಗಸ್ಟ್ ಮಳೆಯಲ್ಲಿ ಆ ಕೋಣೆ ಸೋರಿತು. ಒಣಗಿಸಿ ಕೊಡು ಎಂದು ನನ್ನ ಹತ್ತಿರ ಬಂದಾಗ ಚೀಲದ ಬಾಯಿ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಕೊಟ್ಟ ದಿನದಿಂದ ಯಾರೂ ಬಿಚ್ಚಿಲ್ಲ. ಹಾಳೆ ಹಾಳೆ ಬಿಡಿಸಿ, ನಡುವೆ ಬಿಳಿ ಕಾಗದ ಇಟ್ಟು, ನೆರಳಿನಲ್ಲಿ ಫ್ಯಾನ್ ಹಾಕಿ ಒಣಗಿಸಿದೆ. ಒಂದು ಚೀಲ ಉಳಿಯಿತು. ಎರಡು ಇಟ್ಟಿಗೆಯಾಗಿದ್ದವು.

ಇನ್ನೊಂದು ಹೆದರಿಕೆ ಆಸ್ತಿಯದು. ಹಳೇ ಕಾಗದ ಹೊರಗೆ ಹೋದರೆ ಯಾವ ದಾಯಾದಿ ಯಾವ ಕೇಸು ಹಾಕುತ್ತಾನೋ ಎಂದು. ಆ ಹೆದರಿಕೆ ಸುಳ್ಳಲ್ಲ. ಅದಕ್ಕೇ ಹೊಲದ ಕಾಗದ, ಜಾತಕ, ಗಂಡ ಹೆಂಡಿರ ಪತ್ರ, ಸಾಲದ ಚೀಟಿ ನಾವು ಮುಟ್ಟುವುದಿಲ್ಲ. ಮನೆಯವರು ಹೂಂ ಅಂದದ್ದು ಮಾತ್ರ. ಒಬ್ಬ ಅಕ್ಕ ಹೂಂ ಅಂದು, ಮರುದಿನ ಬಂದು ಬೇಡ ಅಂದರು. ಅಳಿಸಿದೆವು. ಯಾಕೆ ಎಂದು ಕೇಳಲಿಲ್ಲ. ಪುಸ್ತಕಗಳದು ಬೇರೆ ನಿಯಮ. ಲೇಖಕರು ತೀರಿಕೊಂಡು 60 ವರ್ಷ ಕಳೆದಿರಬೇಕು. ಹಳಕಟ್ಟಿಯವರು, ನಮ್ಮ ಆಲೂರ ವೆಂಕಟರಾಯರು ಇಬ್ಬರೂ ಹೋದದ್ದು 1964ರಲ್ಲಿ. ಅಂದರೆ ಈಗ ಅವರ ಬರಹಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಇದೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿಮ್ಮಿಂದ ಎರಡು ಕೆಲಸ ಆಗಬೇಕು.

ಒಂದು, ದಸರಾ ಹೊತ್ತಿಗೆ ಒಂದು ಸಣ್ಣ ಪ್ರಕಟಣೆ ಹಾಕಿ. ದೀಪಾವಳಿಗೆ ಸುಣ್ಣ ಬಣ್ಣ ಮಾಡುವಾಗಲೇ ಅಟ್ಟ ಖಾಲಿಯಾಗುವುದು, ರದ್ದಿಯವನ ಗಾಡಿ ತುಂಬುವುದು. ಒಗೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ, ಮನೆಯ ಹಿರಿಯರನ್ನು ಕೇಳಿ, ಹೇಳಿದ್ದನ್ನು ಪೆನ್ಸಿಲಿನಲ್ಲಿ ಒಂದು ಚೀಟಿಯ ಮೇಲೆ ಬರೆದಿಡಿ ಅನ್ನಿ. ಪೆನ್ಸಿಲ್, ಪೆನ್ನಲ್ಲ. ದಯವಿಟ್ಟು ಸೆಲ್ಲೊಟೇಪ್ ಹಚ್ಚಬೇಡಿ ಅಂತಲೂ ಸೇರಿಸಿ. ಹರಿದದ್ದನ್ನು ನಾನು ಕೂಡಿಸಬಲ್ಲೆ, ಟೇಪಿನ ಕಂದು ಕಲೆ ತೆಗೆಯುವುದು ನನ್ನ ಕೈಯಲ್ಲಿಲ್ಲ. ಗುಂಡುಪಿನ್ನೂ ಬೇಡ, ತುಕ್ಕು ಹಿಡಿದು ತೂತು ಮಾಡುತ್ತದೆ. ಲ್ಯಾಮಿನೇಶನ್ ಮಾಡಿಸಿಕೊಂಡು ಬಂದು ಹೆಮ್ಮೆಯಿಂದ ತೋರಿಸುತ್ತಾರಲ್ಲ, ಆಗ ನನ್ನ ಹೊಟ್ಟೆ ಉರಿಯುತ್ತದೆ.

ಎರಡು, ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ನಾಲ್ಕು ಇಂಚು ಜಾಗ. ಯಾರದು, ಎಲ್ಲಿಯದು ಎಂದು ಗೊತ್ತಿಲ್ಲದ ಒಂದು ಫೋಟೊ, ಒಂದು ಹ್ಯಾಂಡ್‌ಬಿಲ್, ಒಂದು ಕಾಗದ. ಓದುಗರು ನೋಡಿ ಹೇಳಲಿ. ಮೊಬೈಲ್ ಮುಟ್ಟದ ಅಜ್ಜ ಅಜ್ಜಿ ಪತ್ರಿಕೆ ಮುಟ್ಟುತ್ತಾರೆ. ಉತ್ತರ ಇರುವುದು ಅವರ ಹತ್ತಿರವೇ. ನಿಮ್ಮ ಕಚೇರಿಯಲ್ಲೂ ಹಳೇ ಸಂಚಿಕೆಗಳು, ಹೆಸರಿಲ್ಲದ ಫೋಟೊಗಳ ಕವರುಗಳು ಇದ್ದೇ ಇರುತ್ತವೆ. ಅವುಗಳ ಬಾಯಿಯೂ ಬಿಚ್ಚಿಸಿ. ಹೊಲಿಗೆ ಬಿಟ್ಟಿದ್ದರೆ ಕಳಿಸಿ, ಕೂಲಿ ಬೇಡ, ದಾರದ ದುಡ್ಡು ಕೊಟ್ಟರೆ ಸಾಕು.

ಮೊದಲ ವಾರಕ್ಕೆ ಎಂದು ಈ ಪತ್ರದ ಜೊತೆ ಒಂದು ಫೋಟೊ ಇಟ್ಟಿದ್ದೇನೆ. ಒಂದು ಶಾಲೆಯ ಮುಂದೆ ಹನ್ನೊಂದು ಹುಡುಗಿಯರು, ಎರಡು ಸಾಲು, ನಡುವೆ ಕುರ್ಚಿಯ ಮೇಲೆ ಒಬ್ಬ ಅಕ್ಕಾವರು. ಎಡಗಡೆಯ ಹುಡುಗಿ ಅಲುಗಾಡಿದ್ದಾಳೆ, ಮುಖ ಮಸುಕು. ಹಿಂದೆ ಪೆನ್ಸಿಲಿನಲ್ಲಿ ಹತ್ತು ಹೆಸರು ಇವೆ. ಹಿಂದಿನ ಸಾಲಿನಲ್ಲಿ ಬಲದಿಂದ ಮೂರನೆಯವಳ ಹೆಸರು ಇರುವ ಜಾಗ ಹರಿದಿದೆ. ಅಲ್ಲಿ "ಗಂ" ಎಂದು ಓದಬಹುದು, ಗಂಗವ್ವನೋ ಗಂಗೂಬಾಯಿಯೋ ತಿಳಿಯದು. ಊರು ಧಾರವಾಡ ಇರಬಹುದು, ಕಟ್ಟಡದ ಕಮಾನು ನೋಡಿ ಮಾಸ್ತರರು ಊಹಿಸಿದ್ದು. ವರ್ಷ ಗೊತ್ತಿಲ್ಲ. ಫೋಟೊ ವಾಪಸ್ ಕಳಿಸಬೇಡಿ, ಅದು ನಕಲು. ಮೂಲ ಅದರ ಮನೆಯಲ್ಲೇ ಇದೆ.

ನಿಮ್ಮ ಹಳೆಯ ಓದುಗ,
ಒಬ್ಬ ಬೈಂಡಿಂಗ್ ಕೆಲಸಗಾರ, ಧಾರವಾಡ